ಎಲೆ ಎಣಿಸಿದ ಮಾಮಾ

ಸರಕಾರವೆಂಬುದು ಸಚಿವಾಲಯದಲ್ಲಿದೆ ಎಂದು ನಂಬಿದವರು ಭೋಳೇ ಜನ. ಅದು ವಾಸವಾಗಿದ್ದುದು ಮುಂಬಯಿಯ ಆಂಟಾಪ್ ಹಿಲ್ಲಿನ ಎರಡು ಕೋಣೆಯ ಬಿಡಾರದಲ್ಲಿ. ಪಟ್ಟೆಪಟ್ಟೆ ಪಾಯಿಜಾಮ ತೊಟ್ಟು, ಬೆಳಿಗ್ಗೆ ಎದ್ದು ನಮ್ಮೆಲ್ಲರ ಹಾಗೆಯೇ ಹಲ್ಲುಜ್ಜುತ್ತಿತ್ತು. ನಾವು ಅದನ್ನು ಮಾಮಾ ಎಂದು ಕರೆಯುತ್ತಿದ್ದೆವು. ಅಮ್ಮನ ತಮ್ಮ, ರೇಶನ್ ಕಚೇರಿಯಲ್ಲಿ ಗುಮಾಸ್ತ.

ರೇಶನ್ ಕಚೇರಿಯಲ್ಲಿ ಸೋದರಮಾವನೇ ಇದ್ದರೆ ಮನೆಯಲ್ಲಿ ಸಕ್ಕರೆಯ ಹೊಳೆ ಹರಿಯಬೇಕಲ್ಲವೆ? ನಮ್ಮ ಚಾಳಿನ ಮಂದಿಯೂ ಹಾಗೆಯೇ ತಿಳಿದು ಬಟ್ಟಲು ಹಿಡಿದು ಬರುತ್ತಿದ್ದರು. ನಾವು ಬೆಲ್ಲದ ಚಹಾ ಕುಡಿಸಿ ಕಳಿಸುತ್ತಿದ್ದೆವು!

ಒಮ್ಮೆ ಅಮ್ಮ ಹೊಸ ಕಾರ್ಡಿಗಾಗಿ ಅವನ ಕಿಟಕಿಗೇ ಹೋದಳು. ಮಾಮಾ ತಲೆ ಎತ್ತಲಿಲ್ಲ.

"ಕುಟುಂಬದ ಮುಖ್ಯಸ್ಥರ ಹೆಸರು?"

"ಅಯ್ಯ ನಿನ್ನ! ಭಾವನ ಹೆಸರು ಗೊತ್ತಿಲ್ಲೇನೋ ನಿನಗ?"

"ಮನ್ಯಾಗ ಗೊತ್ತದ. ಇಲ್ಲೆ ಅರ್ಜಿದಾರರ ಬಾಯಿಂದನ ಬರಬೇಕು."

ಗಂಡನ ಹೆಸರನ್ನು ಅಮ್ಮ ಜನ್ಮದಲ್ಲಿ ಸುಮ್ಮನೆ ಉಚ್ಚರಿಸಿದವಳಲ್ಲ. ಹಿಂದೆ ಕ್ಯೂ ಬೆಳೆಯುತ್ತಿತ್ತು. ಕಡೆಗೆ ಆಕೆ ಸೆರಗು ಸರಿಪಡಿಸಿಕೊಂಡು, ಮದುವೆಮನೆಯಲ್ಲಿ ಹಾಕುವ ಹಾಗೆ ಪ್ರಾಸ ಕೂಡಿಸಿ ಒಡಪು ಹಾಕಿ, ಅದರ ತುದಿಗೆ ಅಪ್ಪನ ಹೆಸರು ಹೇಳಿದಳು. ಕ್ಯೂದಲ್ಲಿದ್ದ ಮರಾಠಿ ಹೆಂಗಸರು "ವಾಹ್ ವಾಹ್, ಆಣಖೀ ಏಕ್!" ಎಂದು ಇನ್ನೊಂದಕ್ಕಾಗಿ ಚಪ್ಪಾಳೆ ತಟ್ಟಿದರು. ಮಾಮಾ ಮಾತ್ರ ಪೆನ್ನು ಎತ್ತಿ, "ಇನಿಶಿಯಲ್ ಬಿಟ್ಟೀರಿ" ಎಂದ.

ನೌಕರರು ತುಟ್ಟಿಭತ್ಯೆಗಾಗಿ ಒಂದು ದಿನದ ಮುಷ್ಕರ ಹೂಡಿದಾಗ ಮಾಮಾ ಮನಸಾರೆ ಅದರ ಪರ. ಭತ್ಯೆ ಅವನಿಗೂ ಬೇಕಿತ್ತು. ಮಾಮಿಯ ಸೀರೆಯ ತೇಪೆ ನೋಡಿದ ಯಾರಿಗೂ ಅದನ್ನು ವಿವರಿಸಬೇಕಿರಲಿಲ್ಲ. ಆದರೆ ರಜೆಯ ಅರ್ಜಿ ಕೊಡದೆ ಗೈರುಹಾಜರಾಗುವುದು ಹೇಗೆ? ಅರ್ಜಿ ಬರೆದುಕೊಂಡು ಕಚೇರಿಗೆ ಹೋದ. ತೆಗೆದುಕೊಳ್ಳುವವರು ಯಾರೂ ಇಲ್ಲ, ಎಲ್ಲರೂ ಮುಷ್ಕರದಲ್ಲಿ! ಯಾರಾದರೂ ಬಂದಾರೆಂದು ಸಂಜೆಯ ತನಕ ಕಾದ. ಹೀಗೆ ಮುಷ್ಕರಕ್ಕೆ ರಜೆ ಕೇಳಲು ಹೋಗಿ, ಅಂದು ಹಾಜರಿದ್ದ ಏಕಮೇವ ನೌಕರನೆಂಬ ಕೀರ್ತಿಗೆ ಪಾತ್ರನಾದ. ಯುನಿಯನ್ನಿನವರು ದ್ರೋಹಿ ಎಂದರು. ಮರುದಿನ ಸಾಹೇಬರು ಮೆಚ್ಚಿ ಬೆನ್ನು ತಟ್ಟಲು ಬಂದರೆ, ಮಾಮಾ ಅವರ ಕೈಗೆ ಆ ಅರ್ಜಿಯನ್ನಿಟ್ಟ!

ಇಷ್ಟನ್ನೂ ಸಹಿಸಿಕೊಂಡೆವು. ಆಮೇಲೆ ನನ್ನ ತಂಗಿಯ ಮದುವೆ ಬಂತು.

ದೇಶದಲ್ಲಿ ಧಾನ್ಯದ ಅಭಾವ. ಮದುವೆಯಲ್ಲಿ ಇಷ್ಟೇ ಮಂದಿಗೆ ಊಟ ಬಡಿಸಬೇಕೆಂದು ಸರಕಾರದ ಅಪ್ಪಣೆ. ಮುಂಬಯಿ ಆ ಅಪ್ಪಣೆಯನ್ನು ತುಂಬು ಗೌರವದಿಂದ ಕೇಳಿಕೊಂಡು, ತನಗೆ ಬೇಕಾದಷ್ಟು ಮಂದಿಯನ್ನು ಕರೆಯುತ್ತಿತ್ತು. ನಮಗೆ ಆ ಭಾಗ್ಯವೆಲ್ಲಿ? ಅಪ್ಪಣೆಯ ಕಾಗದವನ್ನು ಕಚೇರಿಯ ಗೋಡೆಗೆ ಅಂಟಿಸಿದ ಕೈಯೇ ಹುಡುಗಿಯನ್ನು ಮಂಟಪಕ್ಕೆ ಕರೆತರಬೇಕಾದ ಕೈ! ಮುಲುಂಡಿನ ಮದುವೆ ಹಾಲ್‌ಗೆ ಬಾಳೆಲೆ ತರಿಸುವ ಕೆಲಸವನ್ನು ಮಾಮಾ ತಾನೇ ವಹಿಸಿಕೊಂಡ. ಅಪ್ಪಣೆಗಿಂತ ಒಂದೆಲೆ ಹೆಚ್ಚು ಬರಲಿಲ್ಲ.

ವಧೂವರರ ತಲೆಗೆ ಅಕ್ಕಿಕಾಳು ಬಿದ್ದು, ಊಟದ ಪಂಕ್ತಿ ಕೂತದ್ದೇ ತಡ, ಭಾಂಡುಪ್‌ನಿಂದ ಬೀಗರ ಕಡೆಯ ಇನ್ನೊಂದು ದಂಡು ಇಳಿಯಿತು. ಹೇಳದೆ, ಕೇಳದೆ, ಮಕ್ಕಳುಮರಿ ಸಹಿತ. ಮಾಮಾ ಊಟದ ಮನೆಯ ಬಾಗಿಲಲ್ಲಿ ಎರಡೂ ಕೈ ಚಾಚಿ ನಿಂತುಬಿಟ್ಟ.

ವರನ ಅಜ್ಜ ರುಮಾಲು ಸರಿಸಿ ಕೇಳಿದರು: "ಯಾರಪಾ ಇಂವ?"

"ಹುಡುಗಿ ಸೋದರಮಾವರೀ," ಎಂದರು ಅಪ್ಪ, ಕೈ ಹಿಸುಕುತ್ತ.

"ಸೋದರಮಾವ ಉಣ್ಣೋ ಬಾಗಲಕ್ಕ ಅಡ್ಡ ನಿಲ್ಲತಾನೇನ್ರಿ? ನಡೀರೋ ಎಲ್ಲಾರೂ! ಲೋಕಲ್ ಗಾಡಿ ಸಿಗತದ ಇನ್ನೂ."

ಅವರು ಉಣ್ಣದೆ ಹೋದರೆ ತಂಗಿ ಆ ಮನೆಯಲ್ಲಿ ಜನ್ಮವಿಡೀ ಆ ಮಾತು ಕೇಳಬೇಕು. ಮಂಟಪದಲ್ಲಿ ಅವಳ ಮುಖ ಆಗಲೇ ಬಾಡಿತ್ತು. ಅಮ್ಮ ಓಡಿಬಂದಳು.

"ನಿನ್ನ ಕಾಲಿಗೆ ಬೀಳತೀನೋ ತಮ್ಮಾ! ಇವತ್ತೊಂದಿನ ಆ ನಿನ್ನ ಕಾಯದೇನ ಮನ್ಯಾಗ ಬಿಟ್ಟ ಬರಬಾರದಾಗಿತ್ತೇನು?"

ಮಾಮಾ ಕಣ್ಣು ಮುಚ್ಚಿದ. ತುಟಿ ಅಲುಗುತ್ತಿತ್ತು. ಪ್ರಾರ್ಥನೆಯೆಂದು ತಿಳಿದಿರಾ? ಕೂಡುವ, ಕಳೆಯುವ ಲೆಕ್ಕ! ಕಣ್ಣು ತೆರೆದವನೇ ಅಜ್ಜನಿಗೆ ಕೈಮುಗಿದ.

"ಅಜ್ಜಾರ, ನಿಮ್ಮ ಮಂದಿ ಎಲ್ಲಾರೂ ಒಳಗ ಬರ್ರಿ." ನಮ್ಮತ್ತ ತಿರುಗಿ, "ಹೆಣ್ಣಿನ ಕಡೆಯವರು ಏಳ್ರಿ. ಮೊದಲ ನನ್ನ ಎಲಿ ತಗೀರಿ. ಆಮ್ಯಾಲೆ ಅಕೀದು."

'ಅಕಿ' ಎಂದರೆ ಮಾಮಿ. ಬೆಳಗಿನಿಂದ ಒಂದು ಗುಟುಕು ನೀರು ಕುಡಿಯದೆ ಓಡಾಡಿದ್ದ ಆಕೆ ಎದ್ದಳು. ಅಪ್ಪ ತಮ್ಮ ಎಲೆಯನ್ನೂ ಬಿಟ್ಟುಕೊಟ್ಟರು. ಉಪ್ಪು, ಚಟ್ನಿ ಬಡಿಸಿಕೊಂಡು ಹೋಳಿಗೆಯ ದಾರಿ ಕಾಯುತ್ತಿದ್ದ ನಾನೂ ಎದ್ದೆ. ಸ್ವಂತ ತಂಗಿಯ ಮದುವೆಯಂದು ಸ್ಟೇಶನ್ ಎದುರಿನ ಹೋಟೆಲಿನಲ್ಲಿ ಉಸಳ-ಪಾವ್ ತಿಂದ ಅಣ್ಣ ಈ ಮಹಾನಗರದಲ್ಲಿ ನನ್ನ ಹೊರತು ಇನ್ನೊಬ್ಬನಿರಲಾರ! ನೆಂಟರೆಲ್ಲ ಸೇರಿ ಮಾಮಾನನ್ನು ಎಷ್ಟು ಬೈದೆವೆಂದರೆ, ಹೋಟೆಲಿನವನು ನಮ್ಮೊಳಗೆ ಜಗಳವೆಂದು ತಿಳಿದು ಬಿಲ್ಲನ್ನು ಮೊದಲೇ ತಂದಿಟ್ಟ. ಮಾಮಾ ಹೋಟೆಲಿಗೂ ಬಂದಿರಲಿಲ್ಲ. ಬಾಗಿಲು ಯಾರು ಕಾಯಬೇಕು?

ನಾವು ಮರಳಿದಾಗ ಅಜ್ಜ ತೃಪ್ತಿಯಿಂದ ತೇಗುತ್ತ, "ಬಡಿಸೂದಂದ್ರ ಹಿಂಗಿರಬೇಕು" ಎನ್ನುತ್ತಿದ್ದರು. ಮಾಮಾ ಮೂಲೆಯ ಮಡಚುವ ಕುರ್ಚಿಯಲ್ಲಿ ಒಬ್ಬನೇ ಕೂತಿದ್ದ. ಅವನಿಗೆ ನಾಲ್ಕು ಮಾತು ಹೇಳಲೇಬೇಕೆಂದು ನಾನು ಹತ್ತಿರ ಹೋದೆ. ಅಷ್ಟರಲ್ಲಿ ತಂಗಿ ಬಂದಳು. ಸೆರಗಿನ ಮರೆಯಲ್ಲಿ ಬಾಳೆಲೆಯ ತುಂಡು, ಅದರಲ್ಲಿ ಅರ್ಧ ಹೋಳಿಗೆ.

"ಮಾಮಾ, ಬಾಯಿ ತೆಗಿ."

"ಇದು ಎಲ್ಲಿಂದ ಬಂತವ್ವಾ?"

"ನನ್ನ ಎಲೀದು. ನೀ ಉಪವಾಸ ನಿಂತದ್ದು ನೋಡಿ ನನಗ ಗಂಟಲದಾಗ ಇಳೀಲಿಲ್ಲ."

ಮಾಮಾನ ತುಟಿ ಮತ್ತೆ ಲೆಕ್ಕಕ್ಕೆ ಅಲುಗಿತು. "ಹಂಗಾದರ ನಡೀತದ," ಎಂದು ಬಾಯಿ ತೆರೆದ.

ಹೋಳಿಗೆ ಬಾಯೊಳಗೆ ಹೋಯಿತು. ಅದನ್ನು ಅಗಿಯಲು ಮಾತ್ರ ಬಹಳ ಹೊತ್ತು ಅವನಿಂದಾಗಲಿಲ್ಲ. ಹೊರಗೆ ಟ್ಯಾಕ್ಸಿ ಹಾರ್ನ್ ಹೊಡೆಯುತ್ತಿತ್ತು, ಬೀಗರು ಕರೆಯುತ್ತಿದ್ದರು. ತಂಗಿ ಹೊಸ ಸೀರೆಯ ಸೆರಗಿನಿಂದ ಅವನ ಕಣ್ಣೊರೆಸುತ್ತ ಅಲ್ಲೇ ನಿಂತಿದ್ದಳು.