ಅಪ್‌ಡೇಟ್ ಆದ ಮೇಲೆ ಬಂದ ನಟರಾಜನ್

ಸದ್ದು ಮಾಡುವ ವಸ್ತುಗಳನ್ನು ನಂಬಬಹುದು, ಸದ್ದು ಮಾಡದವುಗಳ ಮೇಲೆ ಒಂದು ಕಣ್ಣಿಟ್ಟಿರಬೇಕು ಎನ್ನುವುದು ನನ್ನ ಬಹುಕಾಲದ ಅಭಿಪ್ರಾಯ. ಕುಕ್ಕರ್ ಕೂಗುತ್ತದೆ, ಮಿಕ್ಸಿ ಅರಚುತ್ತದೆ, ನಮ್ಮ ಅತ್ತೆ ಗೊಣಗುತ್ತಾರೆ. ಯಾರು ಎಲ್ಲಿದ್ದಾರೆ, ಯಾವ ಹದದಲ್ಲಿದ್ದಾರೆ ಎಂದು ಪಕ್ಕದ ಕೋಣೆಯಲ್ಲಿ ಕೂತೇ ಹೇಳಬಹುದು. ಇಂಥ ಅಭಿಪ್ರಾಯ ಇಟ್ಟುಕೊಂಡೂ ನಾನು ಎಲೆಕ್ಟ್ರಿಕ್ ಕಾರು ಕೊಂಡೆ. ನನ್ನ ಮನೆ ಶಿವಮೊಗ್ಗದಲ್ಲಿ, ಕೆಲಸ ಭದ್ರಾವತಿಯ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವುದು. ದಿನವೂ ಬಸ್ಸಿನಲ್ಲಿ ನಿಂತು ನಿಂತು ಕಾಲು ಊದಿದಾಗ ಅಭಿಪ್ರಾಯಗಳನ್ನು ಸ್ವಲ್ಪ ಸಡಿಲಿಸಬೇಕಾಗುತ್ತದೆ. ನಮ್ಮವರು ಇಮ್ತಿಯಾಜ್, ಗಾಂಧಿ ಬಜಾರಿನಲ್ಲಿ ಮ್ಯಾಚಿಂಗ್ ಸೆಂಟರ್ ನಡೆಸುತ್ತಾರೆ. ರವಿಕೆ ಬಟ್ಟೆಯಲ್ಲಿ ಗಿಳಿಹಸಿರು ಯಾವುದು, ಎಲೆಹಸಿರು ಯಾವುದು ಎಂದು ಕಣ್ಣುಮುಚ್ಚಿ ಹೇಳುವ ಅವರಿಗೆ, ಕಾರು ಸ್ಟಾರ್ಟ್ ಆಗಿದೆಯೋ ಇಲ್ಲವೋ ಎನ್ನುವುದು ಮಾತ್ರ ಇವತ್ತಿಗೂ ತಿಳಿಯುವುದಿಲ್ಲ. "ಇದು ಕಾರಲ್ಲ ನಸ್ರೀನ್, ಫ್ರಿಜ್ಜು. ಅಡ್ಡ ಮಲಗಿಸಿ ಚಕ್ರ ಹಾಕಿದ್ದಾರೆ" ಎನ್ನುತ್ತಾರೆ. ನಮ್ಮ ಮನೆಯಲ್ಲಿ ಸಂಸಾರ ನಡೆಯುವುದು ದಖನಿಯಲ್ಲಿ, ವಾದ ನಡೆಯುವುದು ಕನ್ನಡದಲ್ಲಿ. ಕಾರು ಬಂದ ಮೇಲೆ ನಮ್ಮೆಲ್ಲರ ಕನ್ನಡ ತುಂಬ ಸುಧಾರಿಸಿತು.

ತೊಂದರೆ ಶುರುವಾದದ್ದು ಹೀಗೆ. ಒಂದು ದಿನ ಮಾಚೇನಹಳ್ಳಿ ದಾಟುವಾಗ ಅರ್ಧಕ್ಕಿಂತ ಹೆಚ್ಚಿದ್ದ ಚಾರ್ಜು, ಮುಂದಿದ್ದ ಲಾರಿಯನ್ನು ಹಿಂದೆ ಹಾಕುವಷ್ಟರಲ್ಲಿ ತಳ ಕಂಡಿತು. ಎದೆ ಹೊಡೆದುಕೊಳ್ಳುತ್ತ ಶಾಲೆ ಮುಟ್ಟಿದರೆ ಮತ್ತೆ ಅರ್ಧಕ್ಕೇರಿತ್ತು. ಸರ್ವಿಸ್ ಸೆಂಟರಿನ ಪ್ರದೀಪ ಎಂಬ ತರುಣ ನಗುತ್ತ ವಿವರಿಸಿದ. "ಬ್ಯಾಟರಿಗೆ ಏನೂ ಆಗಿಲ್ಲ ಮೇಡಂ. ಒಳಗಿನ ಸಾಫ್ಟ್‌ವೇರ್ ಹಳೇದಾಗಿದೆ. ತನ್ನಲ್ಲಿ ಎಷ್ಟಿದೆ ಅಂತ ಅದಕ್ಕೇ ಗೊತ್ತಾಗ್ತಿಲ್ಲ." ಪರೀಕ್ಷೆಯ ಮುಂಚಿನ ನನ್ನ ವಿದ್ಯಾರ್ಥಿಗಳ ಸ್ಥಿತಿಯೂ ಅದೇ ಆದ್ದರಿಂದ ನನಗೆ ಕೂಡಲೇ ಅರ್ಥವಾಯಿತು. ಅಪ್‌ಡೇಟ್ ಮಾಡಿಸಬೇಕು, ಅಷ್ಟೆ. ಆದರೆ ಮೊದಲ ಸಲ ಹೋದಾಗ ಸರ್ವರ್ ಮಲಗಿತ್ತು. ಮತ್ತೊಮ್ಮೆ ಹೋದಾಗ ಅಪ್‌ಡೇಟ್ ಮಾಡುವ ಲ್ಯಾಪ್‌ಟಾಪು ದಾವಣಗೆರೆಗೆ ಹೋಗಿತ್ತು. ಅದು ಹಿಂದಿರುಗಿದಾಗ ಅದರ ಪಾಸ್‌ವರ್ಡ್ ಗೊತ್ತಿದ್ದವರು ಮದುವೆಗೆ ಹೋಗಿದ್ದರು. ಕೊನೆಗೂ ಎಲ್ಲ ಕೂಡಿಬಂದ ದಿನ, ಪರದೆಯ ಮೇಲೆ ನೀಲಿ ಪಟ್ಟಿಯೊಂದು ಇರುವೆಯಂತೆ ಮುಂದೆ ಸರಿದು, ಇನ್ನೇನು ತುದಿ ಮುಟ್ಟಿತು ಎನ್ನುವಲ್ಲಿ ನಿಂತುಬಿಟ್ಟಿತು. ಗರ್ಭಗುಡಿಯ ಬಾಗಿಲು ತೆಗೆಯುವುದನ್ನು ಕಾಯುವ ಭಕ್ತರಂತೆ ಎಲ್ಲರೂ ಅದರ ಮುಂದೆ ಸುಮ್ಮನೆ ನಿಂತರು. ನಾನು ಆಟೊ ಹಿಡಿದು ಮನೆಗೆ ಹೋದೆ. ಮರುದಿನ ಸಂಜೆ ಪ್ರದೀಪ ಕೀಲಿ ಕೊಡುತ್ತ, "ಆಯ್ತು ಮೇಡಂ. ಸಣ್ಣದೊಂದು ಪಾರ್ಟ್ ಹೋಗಿತ್ತು, ಅದನ್ನೂ ಹಾಕಿದ್ದೀವಿ. ಇನ್ನು ಯೋಚನೆನೇ ಮಾಡ್ಬೇಡಿ" ಎಂದ.

ಕಾರಿನೊಳಗೆ ಕೂತು ಬಟನ್ ಒತ್ತಿದೆ. ಪರದೆ ಬೆಳಗಿತು. "ಸ್ವಾಗತ, ನಟರಾಜನ್" ಎಂದಿತು.

ಇಳಿದು ಹೋಗಿ ನಟರಾಜನ್ ಯಾರೆಂದು ಕೇಳಿದೆ. ಪ್ರದೀಪ ಒಂದು ಗಳಿಗೆ ಆಚೀಚೆ ನೋಡಿ, "ಅದು ಕಂಪನಿಯಿಂದ ಬರೋ ಹೆಸರು ಮೇಡಂ. ತಾನಾಗೇ ಹೋಗುತ್ತೆ" ಎಂದ. ನನ್ನ ಮೊಬೈಲಿನ ಆಪ್ ಮಾತ್ರ ನಿಮ್ಮ ಹೆಸರಿನಲ್ಲಿ ಯಾವ ಕಾರೂ ಇಲ್ಲ ಎಂದು ಹಟ ಹಿಡಿಯಿತು. ಅದೂ ತಾನಾಗೇ ಸರಿಹೋಗುತ್ತದಂತೆ. ತಾನಾಗೇ ಆಗುವ ಕೆಲಸಗಳ ಬಗ್ಗೆ ನಮ್ಮ ಜನಕ್ಕೆ ಇರುವಷ್ಟು ಭರವಸೆ ನ್ಯೂಟನ್ನನಿಗೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಶಾಲೆಗೆ ಹೊರಟು ಕಾಂಪೌಂಡಿನಲ್ಲಿ ನಿಂತಿದ್ದ ಕಾರಿನ ಬಾಗಿಲು ತೆಗೆದೆ. ಒಳಗಿನಿಂದ ತಣ್ಣನೆಯ ಗಾಳಿ ಮುಖಕ್ಕೆ ಬಂತು. ಏಸಿ ಓಡುತ್ತಿತ್ತು. ಕೀಲಿ ನನ್ನ ಕೈಯಲ್ಲೇ ಇತ್ತು; ಗೇಟಿಗೆ ಚಿಲಕ ಹಾಕಿತ್ತು. ಯಾರೋ ಮೊದಲೇ ಬಂದು ಕೂತು, ಸೆಕೆಯಾಗದಂತೆ ನೋಡಿಕೊಂಡು, ನನ್ನ ಹೆಜ್ಜೆ ಸಪ್ಪಳ ಕೇಳಿ ಎದ್ದು ಹೋದ ಹಾಗಿತ್ತು. ಬಿಸಿಲಿಗೆ ಬೆಂದ ಕಾಂಪೌಂಡಿನಲ್ಲಿ ನಿಂತ ನನ್ನ ತೋಳಿನ ಕೂದಲು ಎದ್ದು ನಿಂತವು. ಅದು ಏಸಿಯಿಂದ ಎಂದು ಆ ದಿನ ತೀರ್ಮಾನಿಸಿದೆ.

ಅದರ ಮರುದಿನವೂ ಹಾಗೇ ಆಯಿತು, ಆಮೇಲೂ ಆಯಿತು. ಒಂದು ಮಧ್ಯಾಹ್ನ ಶಾಲೆಯ ಸ್ಟಾಫ್‌ರೂಮಿನ ಕಿಟಕಿಯಿಂದ ನೋಡುತ್ತಿದ್ದೆ. ಬೇವಿನ ಮರದ ಕೆಳಗೆ ನಿಂತಿದ್ದ ನನ್ನ ಕಾರು, ಸುತ್ತ ಒಂದು ಕಾಗೆಯೂ ಇಲ್ಲದಾಗ, ದೀಪಗಳನ್ನು ಮೆಲ್ಲಗೆ ಮಿನುಗಿಸಿತು. ಸ್ವಲ್ಪ ತಡೆದು ಮತ್ತೆ ಮಿನುಗಿಸಿತು. 'ಎಲ್ಲಿದ್ದೀಯಾ?' ಎಂದು ಯಾರೋ ಕೇಳಿದಾಗ 'ಇಲ್ಲಿದ್ದೀನಿ' ಎಂದು ಉತ್ತರ ಕೊಟ್ಟಂತೆ. ಇನ್ನೊಂದು ದಿನ ಗಾಂಧಿ ಬಜಾರಿನಲ್ಲಿ ಅವಸರಕ್ಕೆ ಬಾಗಿಲು ಲಾಕ್ ಮಾಡದೆ ಇಳಿದಿದ್ದೆ. ನಮ್ಮವರು ಅಂಗಡಿಯ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದಾಗಲೇ ಕಾರು ತನ್ನಷ್ಟಕ್ಕೆ ಟಕ್ಕೆಂದು ಲಾಕ್ ಹಾಕಿಕೊಂಡು ಕನ್ನಡಿಗಳನ್ನು ಒಳಕ್ಕೆ ಮಡಚಿಕೊಂಡಿತು. ಇಮ್ತಿಯಾಜ್ ಆ ದಿನ ಗಿಳಿಹಸಿರು ಕೇಳಿದವರಿಗೆ ಎಲೆಹಸಿರು ಕತ್ತರಿಸಿ ಕೊಟ್ಟರು.

ದೆವ್ವ ಎನ್ನುವುದು ಹೆದರಿದ ಮನಸ್ಸು ಕಟ್ಟಿಕೊಂಡ ಕಥೆ ಎಂದು ಮಕ್ಕಳಿಗೆ ಪಾಠ ಹೇಳುವವಳು ನಾನು. ಆದ್ದರಿಂದ ಯಾರಿಗೂ ಹೇಳಿಕೊಳ್ಳುವ ಹಾಗಿರಲಿಲ್ಲ. ಉಪದ್ರವ ಕೊಡುವ ದೆವ್ವವಾದರೆ ಏನಾದರೂ ಪರಿಹಾರವಿದ್ದೀತು. ಇದು ನಾನು ಮರೆತ ಬಾಗಿಲು ಹಾಕುತ್ತಿತ್ತು, ಸೆಕೆಗೆ ಗಾಳಿ ಬೀಸುತ್ತಿತ್ತು. ಇಷ್ಟು ವರ್ಷದ ಸಂಸಾರದಲ್ಲಿ ಯಾರೂ ಮಾಡದ ಉಪಚಾರ. ಅದೇ ಹೆಚ್ಚು ಭಯ ಹುಟ್ಟಿಸಿತು. ನಮ್ಮ ಅತ್ತೆಗೆ ಮಾತ್ರ ಇದರಲ್ಲಿ ವಿಶೇಷವೇನೂ ಕಾಣಲಿಲ್ಲ. "ಯಾರೋ ಒಳ್ಳೆಯವ್ರೇ ಇದ್ದಾರೆ. ಹತ್ತೋವಾಗ ಸಲಾಂ ಹೇಳು. ದೊಡ್ಡೋರಿಗೆ ಮರ್ಯಾದೆ ಕೊಟ್ರೆ ನಿನ್ನ ಗಂಟೇನು ಹೋಗುತ್ತೆ?" ಎಂದರು. ನಾನು ನಕ್ಕೆ. ಮರುದಿನ ಬೆಳಿಗ್ಗೆ ಸುತ್ತಮುತ್ತ ಯಾರೂ ಇಲ್ಲದ್ದನ್ನು ಖಾತ್ರಿ ಮಾಡಿಕೊಂಡು, ಬಾಗಿಲು ತೆಗೆದು, ಗಂಟಲು ಸರಿಮಾಡಿಕೊಳ್ಳುವ ನೆಪದಲ್ಲಿ ಮೆಲ್ಲಗೆ ಸಲಾಂ ಹೇಳಿದೆ. "ಸ್ವಾಗತ, ನಟರಾಜನ್" ಎಂದಿತು ಕಾರು. ನಮ್ಮಿಬ್ಬರ ನಡುವೆ ಮೂರನೆಯವರೊಬ್ಬರು ಇರುವುದು ಆಗ ಖಚಿತವಾಯಿತು.

ಒಂದು ಸಂಜೆ ಶಾಲೆ ಬಿಟ್ಟು ಹೊರಟಾಗ ಮುಖ್ಯರಸ್ತೆಯನ್ನು ಅಗೆದು ಅಡ್ಡ ಕಟ್ಟಿದ್ದರು. ಬೇರೆ ದಾರಿ ತೋರಿಸಲಿ ಎಂದು ಪರದೆಯ ಮೇಲೆ 'ಮನೆ' ಎಂದಿದ್ದನ್ನು ಒತ್ತಿದೆ. ಎಡಕ್ಕೆ ತಿರುಗಲು ಹೇಳಿತು, ತಿರುಗಿದೆ. ಮತ್ತೆ ಎಡಕ್ಕೆ. ಶಿವಮೊಗ್ಗ ನನ್ನ ಬೆನ್ನ ಹಿಂದೆ ಉಳಿಯುತ್ತಿದೆ ಎಂದು ಹೊಳೆಯುವಷ್ಟರಲ್ಲಿ ಉಕ್ಕಿನ ಕಾರ್ಖಾನೆಯ ಹಳೇ ಕ್ವಾರ್ಟರ್ಸ್ ದಾಟಿ, ಸಾಲುಮರಗಳ ಕಿರಿದಾದ ರಸ್ತೆಯೊಳಗೆ ಬಂದಿದ್ದೆ. ಹಿಂದಕ್ಕೆ ತಿರುಗಿಸಲು ಜಾಗವಿರಲಿಲ್ಲ. ಹುಡುಗರಿಲ್ಲದ ಆಟದ ಮೈದಾನ, ಹೆಂಚು ಜರುಗಿದ ಖಾಲಿ ಮನೆಗಳು. ನನ್ನ ಕಾರು ತನ್ನ ಎಂದಿನ ಅಭ್ಯಾಸದಂತೆ ಉಸಿರೂ ಬಿಡದೆ ಸಾಗುತ್ತಿತ್ತು. ಸ್ಟೀರಿಂಗ್ ಹಿಡಿದವಳು ನಾನೇ ಆದರೂ ಹೋಗುತ್ತಿದ್ದುದು ನಾನಲ್ಲ ಎನಿಸಿತು. ರಸ್ತೆಯ ಕೊನೆಯಲ್ಲಿ ಹಳದಿ ಗೋಡೆಯ ಒಂದು ಮನೆ. ಅದರ ಮುಂದೆ, ಮೊಬೈಲು ಹಿಡಿದ ವಯಸ್ಸಾದ ಹೆಂಗಸೊಬ್ಬರು, ಕಾರು ನಿಲ್ಲುವ ಮೊದಲೇ ಬಂದು, ಗೇಟಿನ ಎರಡೂ ಬಾಗಿಲು ಅಗಲಕ್ಕೆ ತೆರೆದು, ಕಾರು ಒಳಕ್ಕೆ ಬರಲೆಂದು ಒಂದು ಪಕ್ಕಕ್ಕೆ ಸರಿದು ನಿಂತಿದ್ದರು.

"ನೀವು ಮನೆ ತಲುಪಿದ್ದೀರಿ" ಎಂದಿತು ಕಾರು.

ನಾನು ಗಾಜು ಇಳಿಸಿದೆ. ಇಳಿಸಲೇಬೇಕಿತ್ತು, ಆಕೆ ಬಾಗಿಲ ಬಳಿಗೇ ಬಂದಿದ್ದರು. ಆಕೆ ಬಗ್ಗಿ ನನ್ನ ಮುಖ ನೋಡಿದರು. ಅವರ ಮುಖದಲ್ಲಿ ಏನೋ ಒಂದು ದೀಪ ಆರಿತು. ಆಮೇಲೆ ಬೇರೊಂದು ಬಗೆಯ ನಗು ಬಂತು.

"ಹೆಂಗಸಾ! ನಾನು ಯಾರೋ ಗಂಡಸು ಅಂದ್ಕೊಂಡಿದ್ದೆ. ಬಾಮ್ಮಾ, ಒಳಗೆ ಬಾ. ಯಾಕೆ ಹಿಂಗೆ ಹೆದರ್ಕೊಂಡಿದೀಯಾ?"

ನಾನು ಯಾರು, ಎಲ್ಲಿ ಪಾಠ ಮಾಡುತ್ತೇನೆ ಎಂದು ಹೇಳಿಕೊಂಡೆ. ಅವರ ಹೆಸರು ಸರೋಜಮ್ಮ. ನಟರಾಜನ್ ಅವರ ಯಜಮಾನರು. ಕಾರ್ಖಾನೆಯಿಂದ ನಿವೃತ್ತರಾಗಿ, ಆಸೆಪಟ್ಟು ಎಲೆಕ್ಟ್ರಿಕ್ ಕಾರು ಕೊಂಡು, ಅದರಲ್ಲಿ ಮನಸಾರೆ ಓಡಾಡುವ ಮೊದಲೇ ಹೃದಯಾಘಾತದಿಂದ ತೀರಿಕೊಂಡಿದ್ದರು. ಕಾರನ್ನು ನೋಡಲಾಗದೆ, ಮಾರಿಕೊಡಿ ಎಂದು ಮೈದುನನ ಕೈಯಲ್ಲಿ ಸರ್ವಿಸ್ ಸೆಂಟರಿಗೆ ಕಳಿಸಿದ್ದರಂತೆ. ಗಂಡನ ಫೋನನ್ನು ಮಾತ್ರ ದಿನಾ ಚಾರ್ಜಿಗೆ ಹಾಕುತ್ತಿದ್ದರು. ತಿಂಗಳುಗಟ್ಟಲೆ ಸುಮ್ಮನಿದ್ದ ಆ ಫೋನು ಒಂದು ದಿನ ಟಿಂಗ್ ಎಂದಿತು: ನಿಮ್ಮ ಕಾರು ಹೊರಟಿದೆ.

"ಅವ್ರು ಹೊರಡೋ ಮುಂಚೆ ನಾನೇ ಫೋನಿಂದ ಏಸಿ ಹಾಕ್ತಿದ್ದೆ, ಟೀಚರಮ್ಮ. ಅವ್ರಿಗೆ ಸೆಕೆ ಅಂದ್ರೆ ಆಗ್ತಿರ್ಲಿಲ್ಲ. ಇದರಲ್ಲಿ ಲಾಕು, ಲೈಟು ಅಂತ ಎರಡು ಮೂರು ಬಟನ್ ನಂಗೂ ಕಲಿಸಿಕೊಟ್ಟಿದ್ರು."

ಕಾಫಿ ಲೋಟ ಹಿಡಿದು ನಾನು ಕೇಳಿದೆ: "ಅಮ್ಮ, ನೀವು… ಅವರೇ ಓಡಿಸ್ತಿದ್ದಾರೆ ಅಂದ್ಕೊಂಡ್ರಾ?"

ಅವರು ನನ್ನನ್ನು ಪಾಠ ಒಪ್ಪಿಸದ ಮಗುವನ್ನು ನೋಡುವಂತೆ ನೋಡಿದರು. "ಸತ್ತೋರು ಕಾರ್ ಓಡಿಸಲ್ಲ ಅಂತ ನಂಗೆ ಗೊತ್ತಿಲ್ವಾ? ಕಾರು ಮಾರಾಗಿದೆ ಅಂದ್ಕೊಂಡೆ. ಆದ್ರೆ ಯಾರೋ ಒಬ್ರು ಓಡಿಸ್ತಿದ್ದಾರಲ್ಲ, ಅವ್ರಿಗೂ ಸೆಕೆ ಆಗುತ್ತಲ್ಲ? ಅದಕ್ಕೇ ಹಾಕ್ತಿದ್ದೆ. ಇವತ್ತು ಮಾತ್ರ ಮನೆ ಹತ್ರ ಬಂತು ಅಂತ ತೋರಿಸ್ದಾಗ…" ಅಲ್ಲಿಗೆ ನಿಲ್ಲಿಸಿ ಸೆರಗಿನಿಂದ ಫೋನಿನ ಗಾಜು ಒರೆಸಿದರು. "ಗೇಟು ತೆಗೆಯೋ ಅಭ್ಯಾಸ, ಏನ್ ಮಾಡೋದು."

ಪ್ರದೀಪನನ್ನು ಹೋಗಿ ಹಿಡಿದೆ. ಅವನು ತಲೆ ಕೆರೆದುಕೊಂಡು ಒಪ್ಪಿಕೊಂಡ. ಅಪ್‌ಡೇಟ್ ಅರ್ಧಕ್ಕೆ ನಿಂತಾಗ ಕಾರಿಗೂ ಮೊಬೈಲಿಗೂ ಸಂಪರ್ಕ ಕೊಡುವ ಪುಟ್ಟ ಪೆಟ್ಟಿಗೆ ಸುಟ್ಟುಹೋಗಿತ್ತು. ಹೊಸದು ಬೆಂಗಳೂರಿನಿಂದ ಬರುವವರೆಗೆ, ಹಿಂದಿನ ಶೆಡ್ಡಿನಲ್ಲಿ ಮಾರಾಟಕ್ಕೆ ನಿಂತಿದ್ದ ನಟರಾಜನ್ ಅವರ ಕಾರಿನದನ್ನು ಬಿಚ್ಚಿ ನನ್ನ ಕಾರಿಗೆ ಹಾಕಿದ್ದರು; ಅವರ ಹೆಸರು, ಮನೆಯ ವಿಳಾಸ ಎಲ್ಲ ಅದರ ಜೊತೆಗೇ ಬಂದಿದ್ದವು. "ತಪ್ಪಾಯ್ತು ಮೇಡಂ. ಪಾರ್ಟ್ ಬಂದ ತಕ್ಷಣ ಬದಲಾಯಿಸಿಕೊಡ್ತೀವಿ."

ಪಾರ್ಟು ಬಂತು. ಆದರೆ ಈಗ ನಾನೇ ಹೋಗಲಿಲ್ಲ. ಇವತ್ತು ಪರೀಕ್ಷೆ, ನಾಳೆ ಮೀಟಿಂಗು ಎಂದು ಪ್ರದೀಪನಿಗೆ ನೆಪ ಹೇಳತೊಡಗಿದೆ. ಯಾರೆಂದು ತಿಳಿದ ಮೇಲೂ ಖಾಲಿ ಕಾರಿನಲ್ಲಿ ಗಾಳಿ ತಾನಾಗಿ ಓಡುವುದನ್ನು ಕಂಡಾಗ ಮೈ ಜುಂ ಎನ್ನುವುದು ನಿಂತಿರಲಿಲ್ಲ. ಆದರೆ ಆ ಗಾಳಿಯನ್ನು ನಿಲ್ಲಿಸುವ ಧೈರ್ಯವೂ ನನಗಿರಲಿಲ್ಲ. ಕೊನೆಗೆ ನಿಲ್ಲಿಸಿದ್ದು ಸರೋಜಮ್ಮನವರೇ. ಹೊಟ್ಟೆನೋವೆಂದು ಶಾಲೆಗೆ ರಜೆ ಹಾಕಿ, ನಮ್ಮ ಅಂಗಡಿಗೆ ಬಂದ ಹೊಸ ಬಟ್ಟೆ ನೋಡಲು ಹೋಗಿದ್ದ ದಿನ ಅವರ ಫೋನು ಬಂತು.

"ಟೀಚರಮ್ಮ, ಇವತ್ತು ಶಾಲೆ ಇಲ್ವಾ? ಗಾಂಧಿ ಬಜಾರಲ್ಲಿ ಏನ್ ಮಾಡ್ತಿದೀರಿ?"

ನಮ್ಮ ಹೆಡ್‌ಮಾಸ್ತರರಿಗೂ ಇಲ್ಲದ ದಿವ್ಯದೃಷ್ಟಿ. ಬಟ್ಟೆ ನೋಡಲು ಬಂದೆ ಎಂದು ಒಪ್ಪಿಕೊಂಡೆ. ಆಮೇಲೆ ಅವರ ದನಿ ತಗ್ಗಿತು. "ನೋಡಿ, ಹೆಂಗಾಗಿಬಿಟ್ಟಿದೀನಿ. ನಿಮ್ಮ ಗಾಡಿ ಐದು ನಿಮಿಷ ನಿಂತ್ರೆ ನಂಗೆ ಎದೆ ಹೊಡ್ಕೊಳ್ಳುತ್ತೆ. ಅವ್ರಿಗೂ ಹಿಂಗೇ ದಾರೀಲೇ ಆಗಿದ್ದಲ್ವಾ. ಬೇಡಮ್ಮ, ತೆಗೆಸಿಬಿಡಿ. ನಾನೂ ಬರ್ತೀನಿ."

ಇಬ್ಬರೂ ಹೋದೆವು. ನನ್ನ ಕಾರಿಗೆ ಹೊಸ ಪೆಟ್ಟಿಗೆ ಹಾಕಿದರು, ಹಳೆಯದನ್ನು ಶೆಡ್ಡಿನ ಕಾರಿಗೆ ಮರಳಿಸಿದರು. ಹಿಂಬದಿಯ ಆ ಶೆಡ್ಡಿನಲ್ಲಿ ಹಗಲಿನಲ್ಲೂ ಅರೆಗತ್ತಲು. ಸರೋಜಮ್ಮ ಬಾಗಿಲಲ್ಲೇ ನಿಂತು ಫೋನಿನಲ್ಲಿ ಒಂದು ಬಟನ್ ಒತ್ತಿದರು. ಒಳಗೆ, ಧೂಳಿನ ಕೆಳಗೆ, ಬೂದು ಬಣ್ಣದ ಕಾರೊಂದು ಮೆಲ್ಲಗೆ ದೀಪ ಮಿನುಗಿಸಿತು. ಪ್ರದೀಪನೂ ಕೈಕಟ್ಟಿ ನಿಂತ. ಅವರು ಹೋಗಿ ಸೆರಗಿನಿಂದ ಗಾಜು ಒರೆಸಿ, ಅಭ್ಯಾಸದಂತೆ ಎಡಗಡೆಯ ಸೀಟಿನಲ್ಲಿ ಕೂತರು. ಖಾಲಿಯಿದ್ದ ಬಲಗಡೆಯ ಸೀಟನ್ನು ಬಹಳ ಹೊತ್ತು ನೋಡಿದರು. ಆಮೇಲೆ ಇಳಿದು, ಸುತ್ತು ಹಾಕಿ ಬಂದು, ಅದರಲ್ಲಿ ಕೂತರು.

"ಇದನ್ನ ಮಾರಲ್ಲ. ಟೀಚರಮ್ಮ, ಓಡಿಸೋದು ಕಲಿಸ್ತೀರಾ?"

ಕಣ್ಣು ತುಂಬಿ ಬಂದಿದ್ದ ಆ ಗಳಿಗೆಯಲ್ಲಿ ಯಾರಾದರೂ ಏನು ಹೇಳುತ್ತಾರೋ ಅದನ್ನೇ ನಾನೂ ಹೇಳಿದೆ. ಸರೋಜಮ್ಮ ಎಲ್ಲೆಲ್ಲಿಂದಲೋ ಸಹಿ ಮಾಡಿಸಿ ಲರ್ನಿಂಗ್ ಲೈಸೆನ್ಸ್ ಸಂಪಾದಿಸಿಯೂ ಬಿಟ್ಟರು. ಭಾನುವಾರ ಬೆಳಿಗ್ಗೆ, ಕಾರ್ಖಾನೆಗಳಿಗೆ ರಜೆಯಿರುವಾಗ, ಮಾಚೇನಹಳ್ಳಿಯ ಒಳರಸ್ತೆಗಳಲ್ಲಿ ನಮ್ಮ ಪಾಠ ನಡೆಯುತ್ತದೆ. ಸರೋಜಮ್ಮ ಆಕ್ಸಿಲರೇಟರ್ ತುಳಿಯುವುದನ್ನು ಹೊಲಿಗೆ ಯಂತ್ರ ತುಳಿದಂತೆ ತುಳಿಯುತ್ತಾರೆ, ಮಾತಾಡುವಾಗ ನನ್ನ ಮುಖ ನೋಡಿಯೇ ಮಾತಾಡುತ್ತಾರೆ. ಕಾರು ಒಂದಿಷ್ಟೂ ಸದ್ದಿಲ್ಲದೆ ಯಾವುದೋ ಕಾಂಪೌಂಡಿನ ಕಡೆಗೆ ಹಾರುತ್ತದೆ. ಕಳೆದ ವಾರ ಎದುರಿಗೆ ಒಂದು ಎಮ್ಮೆ ಬಂದಾಗ ವಿಜ್ಞಾನದ ಶಿಕ್ಷಕಿಯಾದ ನಾನು ಕಣ್ಣು ಗಟ್ಟಿಯಾಗಿ ಮುಚ್ಚಿ, ಎಲ್ಲರಿಗೂ ಕೇಳುವ ಹಾಗೆ ಕೂಗಿಕೊಂಡದ್ದು ಇಷ್ಟು: "ನಟರಾಜನ್ ಅವರೇ, ಇಲ್ಲೇ ಎಲ್ಲಾದರೂ ಇದ್ದರೆ ದಯವಿಟ್ಟು ಬ್ರೇಕ್ ಹಿಡೀರಿ!"

ಕಾರು ನಿಂತಿತು. ತಾವೇ ತುಳಿದದ್ದು ಎನ್ನುತ್ತಾರೆ ಸರೋಜಮ್ಮ.