ಏರು ಹತ್ತಿದ ಸ್ಕೂಟರ್

ಭೂಗೋಳದ ಮೇಷ್ಟ್ರ ಸ್ಕೂಟರನ್ನು ಏರುರಸ್ತೆಯಲ್ಲಿ ಒಬ್ಬ ಮುದುಕರು ಊರುಗೋಲು ಹಿಡಿದು ನಡೆಯುತ್ತಲೇ ಹಿಂದೆ ಹಾಕಿದ್ದು ಶನಿವಾರ ಬೆಳಿಗ್ಗೆ. ಎಂಜಿನ್ನು ಹುಲಿಯ ಹಾಗೆ ಗರ್ಜಿಸುತ್ತಿತ್ತು. ಚಕ್ರ ಮಾತ್ರ ಟಿಕೆಟ್ ಕೌಂಟರಿನ ಸಾಲಿನ ಹಾಗೆ ಸರಿಯುತ್ತಿತ್ತು. ಮುದುಕರು ಮುಂದೆ ಹೋಗಿ, ನಿಂತು, ಹಿಂತಿರುಗಿ, "ತಳ್ಳಬೇಕೇನಪ್ಪಾ?" ಎಂದರು.

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಈ ಕರುಣೆ ನೇರ ಎದೆಗೇ ನಾಟಿತು.

ಮೆಕ್ಯಾನಿಕ್ ಸದ್ದು ಕೇಳಿಯೇ ಹೇಳಿದ: "ಬೆಲ್ಟ್ ಸವೆದಿದೆ ಸಾರ್, ಒಳಗಿನ ರೋಲರೂ ಹೋಗಿರ್ತವೆ. ಎಂಟು ದಿನ ಬಿಟ್ಟು ತನ್ನಿ, ಈಗ ಉಸಿರಾಡಕ್ಕೂ ಪುರುಸೊತ್ತಿಲ್ಲ."

"ಪ್ರಪಂಚದ ನದಿ, ಬೆಟ್ಟ ಎಲ್ಲಾ ಬಾಯಲ್ಲಿ ಹೇಳೋನು ನಾನು. ಒಂದು ಡಬ್ಬಿ ಬಿಚ್ಚಕ್ಕಾಗಲ್ವಾ?" ಎಂದುಕೊಂಡ ಮೇಷ್ಟ್ರು ಹೊಸ ಬೆಲ್ಟು, ಆರು ಹೊಸ ರೋಲರು ತಂದು, ಭಾನುವಾರ ತಿಂಡಿ ಮುಗಿಸಿ ಅಂಗಳದಲ್ಲಿ ಹಳೇ ಹೊದಿಕೆ ಹಾಸಿ ಕೂತೇಬಿಟ್ಟರು.

ಆಸ್ಪತ್ರೆಯಲ್ಲಿ ನರ್ಸಾಗಿದ್ದ ಹೆಂಡತಿ ಬಾಗಿಲಿಗೆ ಬಂದಳು. "ಬಿಚ್ಚೋದೇನೋ ಸರಿ ಕಣ್ರೀ. ಮುಚ್ಚೋದು ಗೊತ್ತಾ?"

"ನಕ್ಷೆ ಬರ್ಕೊಂಡಿದೀನಿ ಕಣೇ," ಎಂದು ಮೇಷ್ಟ್ರು ಕಾಗದ ತೋರಿಸಿದರು. ಯಾವ ಬೋಲ್ಟು ಎಲ್ಲಿಯದು ಎಂದು ಗುರುತು ಹಾಕಿದ್ದ ನಕ್ಷೆ. ಮೂಲೆಯಲ್ಲಿ ಉತ್ತರ ದಿಕ್ಕಿನ ಬಾಣವೂ ಇತ್ತು.

ಮುಚ್ಚಳ ತೆಗೆದೊಡನೆ ಒಳಗಿನ ಕಪ್ಪು ಧೂಳೆಲ್ಲ ಮೇಷ್ಟ್ರ ಮುಖಕ್ಕೆ ಹಾರಿತು. ಬೆಲ್ಟು ಹಲ್ಲು ಉದುರಿಸಿಕೊಂಡು ಬಿದ್ದಿತ್ತು. ದುಂಡಗಿರಬೇಕಾದ ರೋಲರುಗಳು ಒಂದು ಕಡೆ ಚಪ್ಪಟೆಯಾಗಿದ್ದವು. "ನೋಡು, ಹಿಡಿದೆ ರೋಗಾನ!" ಎಂದು ಮೇಷ್ಟ್ರು ಬೀಗುವಷ್ಟರಲ್ಲಿ ಪಕ್ಕದ ಮನೆಯ ಇಂಜಿನ್ ತಾತ ಕುರ್ಚಿ ಸಮೇತ ಹಾಜರಾದರು. ಮೂವತ್ತೈದು ವರ್ಷ ರೈಲು ಓಡಿಸಿ ನಿವೃತ್ತರಾದವರು.

"ರೈಲಿಗೆ ಬೆಲ್ಟೇ ಇಲ್ಲ ಮೇಷ್ಟ್ರೇ," ಎಂದು ಶುರುಮಾಡಿದರು. "ಇರಲಿ. ಹಿಂದಿನ ಕ್ಲಚ್ಚೂ ಬಿಚ್ಚಿಬಿಡಿ. ಅರ್ಧಂಬರ್ಧ ಬಿಚ್ಚೋದು ಗಂಡಸಿನ ಕೆಲಸ ಅಲ್ಲ."

ಮೇಷ್ಟ್ರು ದೊಡ್ಡ ನಟ್ಟಿಗೆ ಸ್ಪ್ಯಾನರ್ ಕೊಟ್ಟು ತಿರುಗಿಸಿದರು. ಅದರ ಹಿಂದೆ ಒಂದು ದಪ್ಪ ಸ್ಪ್ರಿಂಗು ಮೈ ಬಿಗಿಹಿಡಿದು ಕೂತಿದೆ ಎಂಬುದು ನಕ್ಷೆಯಲ್ಲಿರಲಿಲ್ಲ. ಠಣ್! ಕ್ಲಚ್ಚಿನ ತಟ್ಟೆ ತಾತನ ಕಿವಿ ಪಕ್ಕದಲ್ಲೇ ಸೊಂಯ್ಯನೆ ಹಾರಿತು. ತಾತ ಕುರ್ಚಿ ಸಮೇತ ಹಿಂದಕ್ಕೆ ಉರುಳಿದರು. ಮೇಲಿನ ಮಹಡಿಯಲ್ಲಿ ಕಿರುಚಿದ ಸದ್ದು.

ಮಹಡಿ ಮನೆಯ ಟೈಲರಮ್ಮ ಬಿಳಿ ಅಂಗಿಯೊಂದನ್ನು ಎತ್ತಿ ಹಿಡಿದು ಕಿಟಕಿಗೆ ಬಂದಳು. ಅದರ ಬೆನ್ನಿನ ಮೇಲೆ ದುಂಡಗೆ, ಕಪ್ಪಗೆ ಒಂದು ಮುದ್ರೆ. "ಮೇಷ್ಟ್ರೇ, ನಿಮ್ಮ ಗಾಡಿ ಏರು ಹತ್ತಲ್ಲ ಅಂದ್ರಲ್ಲ, ಮಹಡಿ ಹತ್ತಿದೆ ನೋಡಿ!"

ಅಂಗಿ ಒಗೆದುಕೊಡುವ ಮಾತು ಕೊಟ್ಟ ಮೇಲೆ ತಟ್ಟೆ ಕೈಗೆ ಬಂತು. ಆದರೆ ಸ್ಪ್ರಿಂಗನ್ನು ಮತ್ತೆ ಅದುಮಿ ಕೂರಿಸುವುದು? ಮೇಷ್ಟ್ರು ಮಂಡಿ ಊರಿ ಒತ್ತಿದರು, ಅದು ಜಿಗಿಯಿತು. ಹೊಟ್ಟೆ ಕೊಟ್ಟು ಒತ್ತಿದರು, ಮೇಷ್ಟ್ರೇ ಜಿಗಿದರು. ಕೊನೆಗೆ ಹೆಂಡತಿ ತೋಳು ಮಡಚಿಕೊಂಡು ಬಂದಳು. "ಸರೀರಿ ಈ ಕಡೆ. ಇಂಜೆಕ್ಷನ್ ಬೇಡ ಅನ್ನೋ ಪೈಲ್ವಾನರನ್ನೇ ಅದುಮಿ ಹಿಡಿದಿದೀನಿ." ಅವಳು ಒತ್ತಿದಳು, ಸ್ಪ್ರಿಂಗು ಸದ್ದಿಲ್ಲದೆ ತಲೆಬಾಗಿತು, ಮೇಷ್ಟ್ರು ನಟ್ಟು ಬಿಗಿದರು.

ಇನ್ನು ಹೊಸ ರೋಲರು. ಎಣಿಸಿದರೆ ಐದೇ! ಹೊದಿಕೆ ಕೊಡವಿದರು, ಹೂಕುಂಡದ ಕೆಳಗೆ ನೋಡಿದರು, ಚರಂಡಿಗೆ ಕಡ್ಡಿ ಆಡಿಸಿದರು. ಅರ್ಧ ಗಂಟೆಯಾದ ಮೇಲೆ ಹೆಂಡತಿ, "ತಾತ, ಕೈಯಲ್ಲೇನದು?" ಎಂದಳು. ಎಲ್ಲಿ ಹುಡುಕಬೇಕೆಂದು ಎಲ್ಲರಿಗಿಂತ ಜೋರಾಗಿ ಹೇಳುತ್ತಿದ್ದ ತಾತ ಆರನೆಯದನ್ನು ಬೆರಳಲ್ಲಿ ಉರುಳಿಸುತ್ತಲೇ ಇದ್ದರು.

ನಾಲ್ಕು ಗಂಟೆಗೆ ಕೊನೆಯ ಬೋಲ್ಟು ಬಿಗಿದದ್ದಾಯಿತು. ಒಂದೂ ಉಳಿಯಲಿಲ್ಲ, ಒಂದೂ ಕಡಿಮೆಯಾಗಲಿಲ್ಲ. ಮೇಷ್ಟ್ರು ಮುಖವನ್ನೂ ತೊಳೆಯದೆ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಹೊರಟರು. ಏರು ಬಂತು. ಅವರು ಉಸಿರು ಬಿಗಿಹಿಡಿದು ಎಕ್ಸಿಲರೇಟರು ತಿರುಗಿಸಿದರು. ಸ್ಕೂಟರು ಬೆಣ್ಣೆಯಲ್ಲಿ ಜಾರಿದ ಹಾಗೆ ಸರ್ರನೆ ಮೇಲಕ್ಕೇರಿತು! ಮೇಷ್ಟ್ರ ಕಣ್ಣಲ್ಲಿ ನೀರು. ಇಷ್ಟು ವರ್ಷ ಎತ್ತರದ ಪಾಠ ಮಾಡಿದ್ದರು. ಎತ್ತರ ಅಂದರೇನೆಂದು ಅವತ್ತು ತಿಳಿಯಿತು.

"ಭೇಷ್ ಕಣ್ರೀ," ಎಂದಳು ಹೆಂಡತಿ ಏರಿನ ತುದಿಯಲ್ಲಿ ಗಾಡಿಯಿಂದ ಇಳಿದು. "ಒಂದು ನಿಮಿಷ ಕೊಡಿ ಇಲ್ಲಿ."

ಮೇಷ್ಟ್ರು ಬಾಯಿ ತೆರೆಯುವ ಮೊದಲೇ ಅವಳು ಸ್ಕೂಟರ್ ಹತ್ತಿ, ಏರಿನ ಬುಡದವರೆಗೂ ಇಳಿದು, ತಿರುಗಿಸಿಕೊಂಡು, ಅವರಿಗಿಂತ ಜೋರಾಗಿ ಮೇಲೆ ಬಂದು ನಿಂತಳು.

"ನೀ... ನೀನು ಯಾವಾಗ ಕಲಿತೆ?"

"ಆರು ತಿಂಗಳಾಯ್ತು, ಟೈಲರಮ್ಮನ ಗಾಡೀಲಿ. ಲೈಸೆನ್ಸೂ ಬಂದಿದೆ. ಈ ಗಾಡಿ ಏರು ಹತ್ತಲ್ವಲ್ಲ ಅಂತ ಸುಮ್ಮನಿದ್ದೆ. ನಾಳೆಯಿಂದ ನನ್ನನ್ನ ಊರಾಚೆಯ ಹೊಸ ಆಸ್ಪತ್ರೆಗೆ ಹಾಕಿದಾರೆ, ಏಳು ಗಂಟೆಗೇ ಡ್ಯೂಟಿ. ನಿಮ್ಮ ಶಾಲೆ ನಡೆಯೋ ದೂರ ತಾನೇ?"

ಸೋಮವಾರ ಏದುಸಿರು ಬಿಡುತ್ತಾ ಶಾಲೆಯ ಗೇಟಿಗೆ ಬಂದ ಭೂಗೋಳದ ಮೇಷ್ಟ್ರನ್ನು ಡ್ರಾಯಿಂಗ್ ಮೇಷ್ಟ್ರು ತಡೆದು ಕೇಳಿದರು: "ಏನ್ ಸಾರ್, ನಡ್ಕೊಂಡು ಬಂದ್ರಿ? ಸ್ಕೂಟರ್ ರಿಪೇರಿ ಆಗ್ಲಿಲ್ವಾ?"

ಮೇಷ್ಟ್ರು ಬೆವರು ಒರೆಸಿಕೊಂಡು ಎದೆಯುಬ್ಬಿಸಿದರು.

"ಆಯ್ತು ಸಾರ್, ನಾನೇ ಮಾಡಿದೆ. ಅದಕ್ಕೇ ನಡ್ಕೊಂಡು ಬಂದೆ!"