ಪಾಪಣ್ಣ ಕಾಯಂ ಆದದ್ದು

ಪಾಪಣ್ಣ ಸುಮ್ಮನಿದ್ದಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಸುಮ್ಮನಿರುವ ಬಾಯಿಯನ್ನು ದೇವರು ಅವನಿಗೆ ಕೊಟ್ಟಿರಲಿಲ್ಲ.

"ನಾಳೆ ಸತ್ತವರ ಹಬ್ಬ ಕಣ್ರೀ. ನಮ್ಮ ಸಮಾಧಿತೋಟ ನೋಡಾಕೆ ಬಿಷಪ್ಪರೇ ಬರ್ತಾರೆ!" ಎಂದು ಹೊನ್ನಾಳಿಯ ಚಹಾದಂಗಡಿಯಲ್ಲಿ ಸಾರಿಬಿಟ್ಟ.

ಅದು ೧೯೭೮. ಕ್ಯಾಥೊಲಿಕರ ಆ ಸಮಾಧಿತೋಟಕ್ಕೆ ನೂರು ವರ್ಷ ದಾಟಿತ್ತು. ಪಾಪಣ್ಣನ ಅಜ್ಜ ಅದನ್ನು ಕಾದ, ಅಪ್ಪ ಕಾದ, ಈಗ ಇಬ್ಬರೂ ಅಲ್ಲೇ ಮಲಗಿದ್ದರು. ಪಾಪಣ್ಣ ಹತ್ತು ವರ್ಷದಿಂದ ದಿನಗೂಲಿ. ಬಿಷಪ್ಪರು ಮೆಚ್ಚಿದರೆ ಕೆಲಸ ಕಾಯಂ ಎಂದು ಚರ್ಚಿನ ಫಾದರ್ ಹೇಳಿದ್ದರು.

ಮರುದಿನ ಬೆಳಗ್ಗೆ ಅವನು ಸುಣ್ಣದ ಬಕೆಟ್ ಹಿಡಿದು ಬರುವಷ್ಟರಲ್ಲಿ ಊರೇ ಒಳಗೆ ನುಗ್ಗಿತ್ತು. ಪಕ್ಕದ ಮನೆಯ ಚೌಡಮ್ಮ ಗೇಟಿಗೆ ಮಾವಿನ ತೋರಣ ಕಟ್ಟಿ ರಂಗೋಲಿ ಬಿಡುತ್ತಿದ್ದಳು. ಹೂವಿನಂಗಡಿಯ ಬುಡನ್ ಸಾಬರು ಸಮಾಧಿಗೆ ಹೂವಿನ ಚಾದರ ಹೊದಿಸಿ ಊದುಬತ್ತಿ ಹಚ್ಚಿದ್ದರು. ಅಡಿಕೆ ವ್ಯಾಪಾರಿ ಮಹೇಶ್ವರಪ್ಪನವರು ಒಂದೊಂದು ಶಿಲುಬೆಗೂ ಮೂರು ಬೆರಳು ವಿಭೂತಿ ಎಳೆಯುತ್ತಾ ಬರುತ್ತಿದ್ದರು.

"ಅಯ್ಯಯ್ಯೋ, ಏನ್ ಮಾಡ್ತಿದೀರಿ ಸಾವ್ಕಾರ್ರೆ!"

"ಹಿರೇರ ಗದ್ದುಗೆ ಬೋಳುಬೋಳಾಗಿ ಬಿಡಾಕೆ ಆಗ್ತೈತೇನೋ? ಊರಿನ ಮರ್ಯಾದೆ ಪ್ರಶ್ನೆ ಐತೆ!"

ಪಾಪಣ್ಣ ಒದ್ದೆಬಟ್ಟೆ ತಂದು ವಿಭೂತಿ ಒರೆಸಿದ. ಒರೆಸಿದಷ್ಟೂ ಅದು ಹರಡಿತು. ತೋರಣ ಕೀಳಲು ಹೋದರೆ ಚೌಡಮ್ಮ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಕಿತ್ತು ನೋಡು ಮತ್ತೆ! ನನ್ನ ಮಗೀಗೆ ಜ್ವರ ಬಂದಾಗ ನಿಮ್ಮ ಫಾದರ್ ಔಷಧ ಕೊಡ್ಲಿಲ್ಲೇನು?"

ಅಷ್ಟರಲ್ಲಿ ಬಿಷಪ್ಪರ ಕಾರು ಬಂದೇಬಿಟ್ಟಿತು. ಕೆಲಸ ಹೋಯಿತೆಂದು ಪಾಪಣ್ಣ ಒದ್ದೆಬಟ್ಟೆಯನ್ನು ಬೆನ್ನ ಹಿಂದೆ ಬಚ್ಚಿಟ್ಟ. ಬಿಷಪ್ಪರು ತೋರಣ ನೋಡಿದರು, ಚಾದರ ನೋಡಿದರು, ವಿಭೂತಿ ಮೆತ್ತಿದ ಶಿಲುಬೆಯ ಮುಂದೆ ಬಹಳ ಹೊತ್ತು ನಿಂತರು. ಅವರ ಕಣ್ಣು ತುಂಬಿಬಂದಿತ್ತು.

"ಎಷ್ಟೋ ಊರು ತಿರುಗಿದ್ದೇನೆ. ಇಂಥದ್ದನ್ನು ಎಲ್ಲೂ ನೋಡಲಿಲ್ಲ," ಎಂದರು.

ಪಾಪಣ್ಣನಿಗೆ ಹೋದ ಜೀವ ಬಂತು. ಎದೆ ಉಬ್ಬಿತು. ಹೆಮ್ಮೆ ತಡೆಯಲಾಗಲಿಲ್ಲ.

"ಹೊನ್ನಾಳಿ ಅಂದ್ರೆ ಏನಂದ್ಕಂಡ್ರಿ ಸ್ವಾಮಿ! ಎಲ್ಲಾ ಜಾತಿಯೋರೂ ಇದನ್ನ ತಮ್ಮನೇದು ಅಂತಾನೇ ನೋಡ್ಕಂತಾರೆ. ನಾನು ವರ್ಷಗಟ್ಟಲೆ ಈ ಕಡೆ ಬರದಿದ್ರೂ ಒಂದು ಹುಲ್ಲುಕಡ್ಡಿ ಬೆಳೆಯಾಕೆ ಬಿಡಲ್ಲ!"

"ಭೇಷ್! ನಿನ್ನ ಕೆಲಸ ಇವತ್ತಿನಿಂದ ಕಾಯಂ."

ಎಲ್ಲರೂ ಚಪ್ಪಾಳೆ ತಟ್ಟಿದರು. ಪಾಪಣ್ಣ ಬಗ್ಗಿ ಕೈ ಮುಗಿದ.

"ಜಗಳೂರಿನಲ್ಲಿ," ಎಂದು ಬಿಷಪ್ಪರು ಮಾತು ಮುಗಿಸಿದರು. "ಅಲ್ಲಿ ಸಮಾಧಿಗಳ ಮೇಲೆಲ್ಲ ಜಾಲಿ ಬೆಳೆದಿದೆ, ಕೇಳುವವರಿಲ್ಲ. ಇಲ್ಲಿ ನೀನು ಬರದಿದ್ದರೂ ನಡೆಯುತ್ತದೆ ಅಂತ ನೀನೇ ಹೇಳಿದೆಯಲ್ಲಪ್ಪ!"

ಪಾಪಣ್ಣ ಬಗ್ಗಿದವನು ಬಗ್ಗಿಯೇ ಇದ್ದ. ಮಹೇಶ್ವರಪ್ಪನವರು ಅವನ ಬೆನ್ನು ತಟ್ಟಿದರು.

"ಧೈರ್ಯವಾಗಿ ಹೋಗಿ ಬಾರೋ. ನಿಮ್ಮಪ್ಪನ್ನ, ನಿಮ್ಮಜ್ಜನ್ನ ನಾವು ನೋಡ್ಕಂತೀವಿ."